ಓಗೊಡದವಳ ಸರದಿ

ಬ್ರೂಕ್‌ಫೀಲ್ಡಿನ ಆ ಫ್ಲಾಟಿನಲ್ಲಿ ನನ್ನ ಸೂಪರ್‌ಹೀರೋ ಕನ್ನಡದಲ್ಲಿ ಬೈದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಆಟ ಏನೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತೇವೆ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ವಹಿಸಿಕೊಳ್ಳುತ್ತೇವೆ. ಪ್ರತಿ ಪಾತ್ರಕ್ಕೂ ಒಂದು ಶಕ್ತಿ ಇರುತ್ತದೆ. ಒಬ್ಬ ಹಾರಬಲ್ಲ, ಇನ್ನೊಬ್ಬಳು ಗೋಡೆಯೊಳಗಿಂದ ನಡೆದುಹೋಗಬಲ್ಲಳು. ಬ್ಯಾಂಕಿನ ಬಾಗಿಲು ಒಡೆದಿದೆ, ಒಳಗೆಲ್ಲ ಹೊಗೆ, ಏನು ಮಾಡುತ್ತೀರಿ ಎಂದು ಕತೆ ನಡೆಸುವವರು ಕೇಳುತ್ತಾರೆ. ನಾವು ಹೇಳುತ್ತೇವೆ. ಹೇಳಿದ್ದು ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸುತ್ತೇವೆ. ದೊಡ್ಡ ಅಂಕಿ ಬಿದ್ದರೆ ಆಯಿತು, ಸಣ್ಣದು ಬಿದ್ದರೆ ಕೆಟ್ಟಿತು. ಒಂದೇ ಕತೆ ವಾರದಿಂದ ವಾರಕ್ಕೆ ಬೆಳೆಯುತ್ತಾ ವರ್ಷಗಟ್ಟಲೆ ನಡೆಯುವುದೂ ಉಂಟು. ಇದರಲ್ಲಿ ಹಣ ಕಟ್ಟುವುದಿಲ್ಲ, ಯಾರೂ ಯಾರನ್ನೂ ಸೋಲಿಸುವುದಿಲ್ಲ. ಈ ಕೊನೆಯ ಮಾತನ್ನು ನಮ್ಮ ಮನೆಯಲ್ಲಿ ನಾನು ಎಷ್ಟು ಸಲ ಹೇಳಿದೆನೋ, ನಂಬಿದವರು ಕಡಿಮೆ.

ಆಗ ನಾನು ಒಂದು ಟೆಕ್ ಪಾರ್ಕಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೆ. ನಮ್ಮದು ಮಹದೇವಪುರದ ಹಳೇ ಊರಿನೊಳಗಿನ ಮನೆ. ನಾನು ಹುಟ್ಟುವ ಹೊತ್ತಿಗೆ ನಮ್ಮ ಹೊಲದಲ್ಲಿ ರಾಗಿ ಇತ್ತಂತೆ. ನನಗೆ ನೆನಪಿರುವುದು ಆ ಜಾಗದಲ್ಲಿ ಎದ್ದ ಮನೆಗಳು, ಅವುಗಳಲ್ಲಿದ್ದ ಬಾಡಿಗೆಯವರು. ನನ್ನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ ಒಬ್ಬ ಸಹೋದ್ಯೋಗಿ ಈ ಆಟ ಆಡುತ್ತಿದ್ದ. ಕೋಲಾರದ ಗಣಿ ಊರಿನ ತಮಿಳು ಮನೆಯವನು, ಕನ್ನಡವನ್ನು ಧೈರ್ಯವಾಗಿ ತಪ್ಪು ತಪ್ಪಾಗಿ ಮಾತಾಡುತ್ತಿದ್ದ. ಅವನೇ ಒಂದು ಶನಿವಾರ ನನ್ನನ್ನು ಬ್ರೂಕ್‌ಫೀಲ್ಡಿಗೆ ಕರೆದುಕೊಂಡು ಹೋದ. ಅಲ್ಲಿ ಆಟವೆಲ್ಲ ಇಂಗ್ಲಿಷಿನಲ್ಲಿ, ಆದರೂ ಮೊದಲ ದಿನವೇ ನನಗೆ ಅದರ ಹುಚ್ಚು ಹಿಡಿಯಿತು.

ನನ್ನ ಪಾತ್ರಕ್ಕೆ ಚಲಿಸುವುದನ್ನು ತಡೆದು ನಿಲ್ಲಿಸುವ ಶಕ್ತಿ ಇತ್ತು. ಕತೆ ನಡೆಯುತ್ತಿದ್ದದ್ದು ನಾವ್ಯಾರೂ ನೋಡದ ಒಂದು ವಿದೇಶಿ ಮಹಾನಗರದಲ್ಲಿ. ಅದರ ಬೀದಿಗಳಿಗೆ ಹೆಸರಿನ ಬದಲು ಇದ್ದ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದೆ. ಎಲ್ಲರೂ ನಕ್ಕ ಆ ದಿನ ಒಬ್ಬ ಖಳ ಸೇತುವೆಯ ಮೇಲಿಂದ ಮಕ್ಕಳ ಬಸ್ಸನ್ನು ತಳ್ಳುತ್ತಿದ್ದ. ನಾನು ಬಸ್ಸನ್ನು ತಡೆದು ನಿಲ್ಲಿಸಿ ಅವನಿಗೆ ಹೇಳಿದೆ, "ಇಳಿಯೋ ಕೆಳಗೆ. ಕೈ ಮುರಿದಾಕ್ತೀನಿ."

ನಗು ನಿಂತ ಮೇಲೆ ಕತೆ ನಡೆಸುತ್ತಿದ್ದ ಆ ಫ್ಲಾಟಿನ ಯಜಮಾನ ಮೆತ್ತಗೆ ಹೇಳಿದ. ಅವನು ಮೈಸೂರಿನವನು, ಅಡುಗೆಮನೆಯಲ್ಲಿ ಅವನ ತಾಯಿ ಫೋನಿನಲ್ಲಿ ಕನ್ನಡದಲ್ಲೇ ಮಾತಾಡುತ್ತಿದ್ದರು.

"ಬೇಜಾರ್ ಮಾಡ್ಕೋಬೇಡಿ. ಕನ್ನಡದಲ್ಲಿ ಅಂದ್ರೆ ಕಾಮಿಡಿ ಆಗ್ಬಿಡತ್ತೆ. ಇದು ಸೀರಿಯಸ್ ಸೀನ್ ಅಲ್ವಾ?"

ಅದನ್ನು ಅವನು ಹೇಳಿದ್ದೂ ಕನ್ನಡದಲ್ಲಿಯೇ. ನನಗೆ ಮೈ ಉರಿಯಿತು. ನನಗೆ ಸಿಟ್ಟು ಬಂದರೆ ಬರುವ ಭಾಷೆ ಒಂದೇ, ಮತ್ತು ಸಿಟ್ಟಿನಲ್ಲಿದ್ದಾಗ ನಾನು ಕಾಮಿಡಿ ಮಾಡುವುದಿಲ್ಲ. ಆ ದಿನದ ಆಟ ಮುಗಿಯುವವರೆಗೂ ಕೂತಿದ್ದು, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಇನ್ನು ಬರುವುದಿಲ್ಲ ಎಂದೆ. ನಮ್ಮ ಮನೆಯಲ್ಲಿ ನಾನೇ ಆಟ ನಡೆಸುತ್ತೇನೆ, ಪೂರ್ತಿ ಕನ್ನಡದಲ್ಲಿ, ನಮ್ಮ ಊರಿನ ಕತೆಯೇ ಅಂದೆ. ಒಂದು ಸಲವೂ ಆಟ ನಡೆಸಿ ಗೊತ್ತಿರಲಿಲ್ಲ. ಯಾರು ಬರುತ್ತಾರೆ ಎಂದು ಯಜಮಾನ ಕೇಳಿದ. ಅವನ ದನಿಯಲ್ಲಿ ಕುಹಕ ಇರಲಿಲ್ಲ, ನಿಜವಾದ ಅನುಮಾನವಿತ್ತು. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು.

ಸ್ಕೂಟರ್ ತೆಗೆಯುವಾಗ ಸಹೋದ್ಯೋಗಿ ಹಿಂದೆಯೇ ಬಂದ. "ನಾನು ಬರ್ತೀನಿ. ನನ್ನ ಕನ್ನಡಕ್ಕೆ ನಗಬಾರ್ದು ಅಷ್ಟೇ."

ನಮ್ಮ ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಒಂದು ಶೀಟಿನ ರೂಮು ಇತ್ತು. ಅದರೊಳಗಿದ್ದ ಹಳೇ ಮಂಚ, ಮುರಿದ ಕೂಲರ್ ಎಲ್ಲವನ್ನೂ ಒಂದು ಮೂಲೆಗೆ ಸರಿಸಿ ಚಾಪೆ ಹಾಸಿದೆ. ಅಮ್ಮ ಬಾಗಿಲಲ್ಲಿ ನಿಂತು ಏನಿದೆಲ್ಲ ಎಂದು ಕೇಳಿದಳು. ಕತೆ ಹೇಳಿಕೊಂಡು ಆಡುವ ಆಟ ಎಂದೆ. "ಕತೆ ಏಳಕ್ಕೆ ದಾಳ ಯಾಕಮ್ಮ?" ಎಂದಳು. ನಾನು ಕೊಟ್ಟ ಉತ್ತರ ಅವಳಿಗೆ ಹಿಡಿಸಲಿಲ್ಲ, ಆದರೆ ಪೊರಕೆ ತಂದುಕೊಟ್ಟಳು.

ಎರಡನೇ ಮಹಡಿಯಲ್ಲಿ ಬಾಗಲಕೋಟೆ ಕಡೆಯ ಒಬ್ಬ ನರ್ಸ್ ಬಾಡಿಗೆಗಿದ್ದರು. ಖಾಸಗಿ ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ಬಂದರೆ ಮಾತಿಗೆ ಜನ ಸಿಗದೆ ತಾರಸಿಯಲ್ಲಿ ಓಡಾಡುತ್ತಿದ್ದರು. ಆಟದ ವಿಷಯ ಹೇಳಿದ್ದೇ ತಡ, ಒಪ್ಪಿಕೊಂಡರು. ಇಡೀ ವಾರ ರೋಗಿಗಳನ್ನು ಎತ್ತಿ ಕೂರಿಸಿ ಅವರ ಸೊಂಟ ನೋಯುತ್ತಿತ್ತು. ತನಗೆ ಏನನ್ನು ಬೇಕಾದರೂ ಎತ್ತುವ ಶಕ್ತಿಯೇ ಬೇಕು ಎಂದರು.

ಮೂರನೆಯವಳು ಅತ್ತಿಗೆ, ನನ್ನ ಅಣ್ಣನ ಹೆಂಡತಿ. ಬೇಗೂರಿನ ಹುಡುಗಿ, ಪಿಯುಸಿ ಮುಗಿಸುತ್ತಿದ್ದ ಹಾಗೇ ಮದುವೆಯಾಗಿ ನಮ್ಮ ಮನೆಗೆ ಬಂದವಳು. ಕೆಳಗಿನ ಮನೆಯಲ್ಲಿ ಚಿಕ್ಕಪ್ಪನ ಸಂಸಾರ, ಮೇಲೆ ನಮ್ಮದು. ಎರಡೂ ಮನೆಯವರು ಬೆಳಗಿನಿಂದ ಅವಳನ್ನು ಕೂಗುತ್ತಲೇ ಇರುತ್ತಿದ್ದರು. ಮೋಟರ್ ಹಾಕಬೇಕಾದರೆ ಅವಳು, ಹಾಲು ಬಂದರೆ ಅವಳು, ಚಿಕ್ಕಪ್ಪನ ಕನ್ನಡಕ ಕಾಣದಿದ್ದರೂ ಅವಳು. ಮೊದಲ ಭಾನುವಾರ ಅವಳು ಬಂದದ್ದು ನಮಗೆ ಟೀ ಕೊಡಲು. ಲೋಟ ಇಟ್ಟು ಹೊರಟವಳನ್ನು ನಾನೇ ತಡೆದೆ.

"ಅತ್ತಿಗೆ, ನಿಮಗೆ ಒಂದು ಶಕ್ತಿ ಕೊಟ್ರೆ ಏನ್ ಕೇಳ್ತೀರಾ?"

ನನಗ್ಯಾಕೆ ಎಂದು ನಕ್ಕಳು. ಬಿಡದೆ ಕೇಳಿದೆ. ಅವಳು ಬಾಗಿಲಿಗೆ ಒರಗಿದಳು.

"ಯಾರಾದ್ರೂ ನನ್ನ ಹೆಸರು ಹಿಡಿದು ಕೂಗಿದ್ರೆ, ಕೂಗಿದೋರ ಕಣ್ಣಿಗೆ ನಾನು ಕಾಣಿಸ್ಬಾರ್ದು."

ನರ್ಸಮ್ಮ ಲೋಟ ಕೆಳಗಿಟ್ಟು ಅವಳಿಗೆ ಚಾಪೆಯ ಮೇಲೆ ಜಾಗ ಮಾಡಿಕೊಟ್ಟರು. ಆ ಪಾತ್ರಕ್ಕೆ ಓಗೊಡದವಳು ಎಂದು ಹೆಸರಿಟ್ಟದ್ದು ಅತ್ತಿಗೆಯೇ.

ಮೊದಲ ಕೆಲವು ಭಾನುವಾರ ನಾನು ತೊದಲಿದೆ. ಇಂಗ್ಲಿಷಿನಲ್ಲಿ ಕೇಳಿ ಕಲಿತದ್ದನ್ನೆಲ್ಲ ಕನ್ನಡಕ್ಕೆ ಎಳೆದು ತರಲು ಹೋಗಿ ಪಠ್ಯಪುಸ್ತಕದವರ ಹಾಗೆ ಮಾತಾಡಿದೆ. 'ಆಕ್ರಮಣದ ಸರದಿ ನಿರ್ಧರಿಸೋಣ' ಎಂದಾಗ ಅತ್ತಿಗೆ ನನ್ನ ಮುಖ ನೋಡಿ, ಮೊದ್ಲು ಯಾರು ಹೊಡೀತಾರೆ ಅಂತ ಕೇಳು, ಸಾಕು ಎಂದಳು. ಅಲ್ಲಿಂದ ದಾರಿ ಸಿಕ್ಕಿತು. ಜಗಳವಾಡಲು, ಹೆದರಿಸಲು, ಬೇಡಿಕೊಳ್ಳಲು ನಮಗೆ ಯಾವ ಪದಕ್ಕೂ ಬರ ಇರಲಿಲ್ಲ. ನಾವು ಹುಟ್ಟಿದಾಗಿನಿಂದ ಅದನ್ನೇ ಮಾಡಿಕೊಂಡು ಬಂದಿದ್ದೆವು.

ನನ್ನ ಕತೆಯ ಖಳನನ್ನು ಬೋರ್ಡಿನವನು ಎಂದು ಕರೆಯುತ್ತಿದ್ದೆವು. ಅವನು ಬಾಂಬ್ ಹಾಕುತ್ತಿರಲಿಲ್ಲ. ಒಂದು ಹಳ್ಳಿಯ ಮುಂದೆ ಹೊಳೆಯುವ ಹೊಸ ಬೋರ್ಡ್ ನೆಡುತ್ತಿದ್ದ, ಅದರ ಮೇಲೆ ಹೊಸ ಬಡಾವಣೆಗಳಿಗೆ ಇಡುವಂಥ ಇಂಗ್ಲಿಷ್ ಹೆಸರು, ಯಾವುದೋ ಎನ್‌ಕ್ಲೇವ್ ಎಂದೋ ಮೆಡೋಸ್ ಎಂದೋ ಬರೆದಿರುತ್ತಿತ್ತು. ಮರುದಿನ ಬೆಳಿಗ್ಗೆ ಆ ಊರಿನ ಹಳೇ ಹೆಸರು ಎಲ್ಲರ ತಲೆಯಿಂದಲೂ ಅಳಿಸಿಹೋಗಿರುತ್ತಿತ್ತು. ಕಂಡಕ್ಟರ್ ಬಾಯಿ ತೆರೆದರೆ ಸ್ಟಾಪಿನ ಹೆಸರು ಬರುತ್ತಿರಲಿಲ್ಲ. ಸಂತೆಗೆ ಹೋದ ಮುದುಕಿ ಮನೆಗೆ ವಾಪಸು ಬರಲಾರದೆ ರಿಂಗ್ ರೋಡಿನ ಪಕ್ಕ ಕೂತಿರುತ್ತಿದ್ದಳು. ಆಡುವವರಿಗೆ ಇದು ಬೇಗ ಹಿಡಿಸಿತು. ಈ ಖಳನನ್ನು ನಾನು ಕಷ್ಟಪಟ್ಟು ಕಲ್ಪಿಸಿಕೊಂಡೆ ಎಂದು ಯಾರಿಗೂ ಅನ್ನಿಸಲಿಲ್ಲ.

ಮೊದಲ ದೊಡ್ಡ ಕಾಳಗ ವರ್ತೂರಿನ ರಸ್ತೆಯಲ್ಲಿ ನಡೆಯಿತು. ಬೋರ್ಡುಗಳನ್ನು ತುಂಬಿದ ಲಾರಿ ಅಡ್ಡ ನಿಂತಿದೆ, ಏನು ಮಾಡುತ್ತೀರಿ ಎಂದು ಕೇಳಿದೆ. ನರ್ಸಮ್ಮ ತೋಳು ಮೇಲೇರಿಸಿ, "ನಾ ಲಾರಿ ಒಗೀತೀನಿ" ಎಂದರು. ಅತ್ತಿಗೆ ಗಾಬರಿಯಾಗಿ, ಜಗಳದ ಮಧ್ಯೆ ಲಾರಿ ಯಾಕೆ ತೊಳೀತೀರಿ ಎಂದಳು. ಅವರ ಕಡೆ ಒಗೆಯುವುದೆಂದರೆ ಎಸೆಯುವುದು ಎಂದು ತಿಳಿಯುವಷ್ಟರಲ್ಲಿ ನಾವೆಲ್ಲ ನಕ್ಕು ಸುಸ್ತಾಗಿದ್ದೆವು. ದಾಳದಲ್ಲಿ ಹತ್ತೊಂಬತ್ತು ಬಿತ್ತು. ಲಾರಿ ಪಕ್ಕದ ಕೆರೆಯ ಕೊಳಚೆ ನೊರೆಯೊಳಗೆ ಹೋಗಿ ಬಿತ್ತು. ಅಂದಿನಿಂದ ನಮ್ಮ ಆಟದಲ್ಲಿ ಎಸೆಯುವುದು ಎಂಬ ಪದ ಮಾಯವಾಯಿತು, ಎಲ್ಲರೂ ಒಗೆಯುವವರೇ.

ಹೀಗೆ ನಾಲ್ಕೈದು ತಿಂಗಳು ಕಳೆದ ಮೇಲೆ ಚಿಕ್ಕಪ್ಪನಿಗೆ ತಡೆಯಲಾಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆಗೆ ಅವರೇ ಹಿರಿಯರು. ಒಂದು ಭಾನುವಾರ ಅವರ ಕಡೆ ನೆಂಟರು ಬಂದಿದ್ದರು. ಕೆಳಗಿನಿಂದ ಅತ್ತಿಗೆಯ ಹೆಸರು ಕೂಗಿದರು. ಅವಳು ಆಗಷ್ಟೇ ತನ್ನ ಸರದಿ ಶುರು ಮಾಡಿದ್ದಳು. ಓಗೊಡದವಳು ಬೋರ್ಡಿನವನ ಗೋದಾಮಿನ ಛಾವಣಿಯಿಂದ ಇಳಿಯುತ್ತಿದ್ದಳು. ಅವಳ ಕೈ ದಾಳದ ಮೇಲಿತ್ತು. ಚಿಕ್ಕಪ್ಪ ಇನ್ನೊಮ್ಮೆ ಕೂಗಿದರು. ಅವಳು ಏಳಲಿಲ್ಲ. ನಾನೂ ಏಳಿ ಎನ್ನಲಿಲ್ಲ. ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಕೇಳಿತು.

ಬಾಗಿಲಲ್ಲಿ ನಿಂತು ಅವರು ಮೊದಲು ನೋಡಿದ್ದು ನನ್ನ ಸಹೋದ್ಯೋಗಿಯನ್ನು, ಆಮೇಲೆ ದಾಳವನ್ನು.

"ಎಂಗುಸ್ರು ಕೂತ್ಕೊಂಡು ದಾಳ ಆಡೋ ಮನೆ ಆಗೋಯ್ತಾ ಇದು? ಏಳಮ್ಮ, ಕೆಳುಗ್ ನಡಿ."

ಅತ್ತಿಗೆ ತಲೆಯೆತ್ತಿದಳು. ಅವಳ ದನಿ ಏರಲಿಲ್ಲ.

"ಮಾವ, ನನ್ನ ಸರದಿ ನಡೀತಾ ಇದೆ. ಮುಗಿಸ್ಕೊಂಡು ಬರ್ತೀನಿ. ಡಿಕಾಕ್ಷನ್ ಹಾಕಿಟ್ಟಿದೀನಿ, ಹಾಲು ಕಾಯಿಸ್ಕೊಂಡ್ರೆ ಆಯ್ತು."

ಅವಳು ನಮ್ಮ ಮನೆಗೆ ಬಂದ ಎಂಟು ವರ್ಷದಲ್ಲಿ ಅವರಿಗೆ ಎದುರು ಹೇಳಿದ ಮೊದಲ ಮಾತು ಅದು. ಚಿಕ್ಕಪ್ಪ ಬಗ್ಗಿ ದಾಳವನ್ನು ಎತ್ತಿಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡು ಇಳಿದುಹೋದರು.

ಇವತ್ತಿಗೆ ನಿಲ್ಲಿಸೋಣವೇ ಎಂದು ಸಹೋದ್ಯೋಗಿ ಕೇಳಿದ. ಅತ್ತಿಗೆ ಗೋಡೆಯ ಹಳೇ ಕ್ಯಾಲೆಂಡರಿನ ಒಂದು ಹಾಳೆ ಹರಿದಳು. ಅದನ್ನು ಚೂರು ಮಾಡಿ, ಒಂದೊಂದರ ಮೇಲೂ ಒಂದರಿಂದ ಇಪ್ಪತ್ತರವರೆಗಿನ ಅಂಕಿ ಬರೆದು, ಮಡಿಸಿ, ಟೀ ಕುಡಿದ ಸ್ಟೀಲ್ ಲೋಟಕ್ಕೆ ಹಾಕಿ ಕುಲುಕಿದಳು. ಕಣ್ಣು ಮುಚ್ಚಿ ಒಂದು ಚೀಟಿ ಎತ್ತಿ ಬಿಡಿಸಿದಳು. ಮೂರು.

ಆ ಗಳಿಗೆಯಲ್ಲಿ ಅವಳನ್ನು ಗೆಲ್ಲಿಸಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದು ಹೇಳಲಾರೆ. ನರ್ಸಮ್ಮ ಕಣ್ಣಿನಲ್ಲೇ ನನಗೆ ಸನ್ನೆ ಮಾಡಿದರು. ಆದರೆ ಅವಳು ಬೇಡಿದ್ದು ದಯೆಯಲ್ಲ, ಸರದಿ. ಕೈ ಜಾರಿತು, ಛಾವಣಿಯಿಂದ ಬಿದ್ದಿರಿ, ಬೋರ್ಡಿನವನ ಆಳುಗಳು ಸುತ್ತ ಬಂದು ನಿಂತರು ಎಂದು ಇದ್ದದ್ದನ್ನು ಹೇಳಿದೆ.

"ಸರಿ, ಬಿದ್ದೆ. ಮುಂದಿನ ಸರದೀಲಿ ಎದ್ದೇಳ್ತೀನಿ," ಎಂದಳು. ಆಮೇಲೆ ಸೆರಗು ಸರಿ ಮಾಡಿಕೊಂಡು ಕಾಫಿ ಕೊಡಲು ಕೆಳಗೆ ಹೋದಳು.

ಆ ಸಂಜೆ ನಮ್ಮ ಮನೆಯ ಹಾಲ್‌ನಲ್ಲಿ ಪಂಚಾಯಿತಿ ಸೇರಿತು. ಚಿಕ್ಕಪ್ಪ ದಾಳವನ್ನು ಟಿವಿಯ ಮೇಲಿಟ್ಟು, ಇದು ಜೂಜು, ಹೊರಗಿನ ಗಂಡಸು ತಾರಸಿಯಲ್ಲಿ ಕೂರುವುದು ಬಾಡಿಗೆಯವರ ಬಾಯಿಗೆ ಬೀಳುತ್ತದೆ, ಮದುವೆಯಾಗಬೇಕಾದ ಹುಡುಗಿ ಕೆಟ್ಟದ್ದಲ್ಲದೆ ಮನೆಯ ಸೊಸೆಯನ್ನೂ ಕೆಡಿಸಿದಳು ಎಂದರು. ಇದು ಜೂಜಲ್ಲ ಎಂದೆ. ಆದರೂ ಬೇಡ ಎಂದರು. ಹಾಗಾದರೆ ಕಾರಣ ಜೂಜಲ್ಲವಲ್ಲ ಎಂದೆ. ನನ್ನ ದುಡಿಮೆಯಲ್ಲಿ ಬೇರೆ ರೂಮು ಹಿಡಿದಾದರೂ ಆಟ ನಡೆಸುತ್ತೇನೆ, ನಿಲ್ಲಿಸುವ ಮಾತಿಲ್ಲ ಎಂದೂ ಹೇಳಿದೆ. ಅಮ್ಮ ನನ್ನನ್ನು ಸುಮ್ಮನಿರು ಎಂದು ಗದರಿದಳು. ಅತ್ತಿಗೆ ಮಾತ್ರ ವಾದವನ್ನೇ ಮಾಡಲಿಲ್ಲ. ನೀರಿನ ಟ್ಯಾಂಕರ್ ಬರುವ ಹೊತ್ತನ್ನು ತಿಳಿಸುವವಳ ಹಾಗೆ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಸಂಜೆಯವರೆಗೂ ನಾನು ಮೇಲಿರುತ್ತೇನೆ ಎಂದಳು. ಎಲ್ಲರೂ ಅಣ್ಣನ ಕಡೆ ನೋಡಿದರು. ಅಣ್ಣ ಹೆಚ್ಚು ಮಾತಿನವನಲ್ಲ.

"ಇರ್ಲಿ ಬಿಡು ಚಿಕ್ಕಪ್ಪ. ವಾರಕ್ಕೊಂದಿನ ತಾನೆ."

ಚಿಕ್ಕಪ್ಪ ಒಪ್ಪಲಿಲ್ಲ. ಅವರು ಒಪ್ಪಿ ನಮ್ಮ ಜೊತೆ ಕೂತು ಆಡಿದರು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ತಿಂಗಳುಗಟ್ಟಲೆ ನನ್ನ ಜೊತೆ ಮಾತು ಬಿಟ್ಟರು. ನಾನೂ ಅವರನ್ನು ಮಾತಾಡಿಸಲು ಹೋಗಲಿಲ್ಲ. ಮುಂದಿನ ಭಾನುವಾರದಿಂದ ಚಿಕ್ಕಪ್ಪನ ಮನೆಯ ಕಾಫಿಯನ್ನು ಅಮ್ಮ ಮಾಡತೊಡಗಿದಳು. ಯಾಕೆಂದು ಹೇಳಲಿಲ್ಲ, ತಾರಸಿಗೆ ಒಂದು ದಿನವೂ ಹತ್ತಲಿಲ್ಲ. ಸಹೋದ್ಯೋಗಿ ಬೇರೆ ದಾಳ ತಂದ.

ಬೋರ್ಡಿನವನ ಕತೆ ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಅದನ್ನು ಮುಗಿಸಿದ್ದು ಅತ್ತಿಗೆಯ ಉಪಾಯ. ಊರಿನದಾಗಲಿ ಜನರದಾಗಲಿ, ಯಾವ ಹೆಸರನ್ನು ಅಳಿಸಬೇಕಾದರೂ ಬೋರ್ಡಿನವನು ಆ ಹೆಸರನ್ನು ಒಮ್ಮೆ ಗಟ್ಟಿಯಾಗಿ ಕೂಗಲೇಬೇಕಿತ್ತು. ಓಗೊಡದವಳು ನೇರವಾಗಿ ಅವನ ಎದುರಿಗೆ ಹೋಗಿ ನಿಂತು ಕೆಣಕಿದಳು. ಅವನು ಅವಳ ಹೆಸರು ಕೂಗಿದ, ಅವನ ಕಣ್ಣಿಗೆ ಅವಳು ಕಾಣದಾದಳು. ಕಾಣದೆಯೇ ಅವನ ಬೋರ್ಡುಗಳನ್ನು ಒಂದೊಂದಾಗಿ ಕಿತ್ತಳು. ಸಹೋದ್ಯೋಗಿಯ ಪಾತ್ರ ಯಂತ್ರಗಳ ಜೊತೆ ಮಾತಾಡಬಲ್ಲದ್ದು. ಅವನು ಡಿಪೋದ ಬಸ್ಸುಗಳನ್ನೆಲ್ಲ ಕರೆದು ಸುತ್ತ ನಿಲ್ಲಿಸಿದ. ನರ್ಸಮ್ಮ ಬೋರ್ಡಿನವನನ್ನು ತಲೆಯ ಮೇಲೆ ಎತ್ತಿ ಹಿಡಿದು, ಎಲ್ಲಿಗೆ ಒಗೀಲಿ ಎಂದು ಕೇಳಿದರು. ಕೊಲ್ಲಬೇಕೆಂದು ಅವರ ಆಸೆ. ಅತ್ತಿಗೆ ಬೇಡ ಎಂದಳು.

"ಅವನಿಗೆ ಕಂಡಕ್ಟರ್ ಕೆಲಸ ಕೊಡಿಸೋಣ. ದಿನಾ ಎಲ್ಲಾ ಸ್ಟಾಪಿನ ಹಳೇ ಹೆಸರು ಕೂಗ್ಕೊಂಡಿರ್ಲಿ."

ಆ ವರ್ಷವೇ ಬ್ರೂಕ್‌ಫೀಲ್ಡಿನ ಯಜಮಾನನಿಂದ ಮೆಸೇಜ್ ಬಂತು. ಒಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ದಿನವಿಡೀ ಇಂಥ ಆಟಗಳ ಕೂಟ, ನೀವೂ ಒಂದು ಮೇಜು ನಡೆಸಿ, ಆದಷ್ಟು ಇಂಗ್ಲಿಷ್ ಬೆರೆಸಿದರೆ ಜನ ಸಿಗುತ್ತಾರೆ ಎಂದು ಬರೆದಿದ್ದ. ಪೂರ್ತಿ ಕನ್ನಡದಲ್ಲಾದರೆ ಬರುತ್ತೇನೆ ಎಂದು ಉತ್ತರಿಸಿದೆ. ಆಯ್ತು ಎಂದ. ಹೋಗಿ ನೋಡಿದರೆ ನಮಗೆ ಸಿಕ್ಕಿದ್ದು ಟಾಯ್ಲೆಟ್ಟಿಗೆ ಹೋಗುವ ದಾರಿಯ ಪಕ್ಕದ ಮೇಜು. ರಟ್ಟಿನ ಮೇಲೆ 'ಕನ್ನಡ' ಎಂದು ದಪ್ಪಗೆ ಬರೆದು ನಿಲ್ಲಿಸಿದೆ. ಅತ್ತಿಗೆ ಹಸಿರು ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಟೀ ಶರ್ಟಿನ ಒಬ್ಬ ಯುವಕ ವಿನಯದಿಂದಲೇ, ಆಂಟಿ, ಯಾರಿಗಾದರೂ ಕಾಯುತ್ತಿದ್ದೀರಾ ಎಂದು ಕೇಳಿದ.

"ಇಲ್ಲ. ಆಡಕ್ಕೆ ಬಂದಿದೀನಿ. ನೀವೂ ಕೂತ್ಕೊಳಿ," ಎಂದಳು. ಅವನು ಕೂತ.

ಮೊದಲು ಬಂದ ಇಬ್ಬರು ಕುತೂಹಲಕ್ಕೆ ಕೂತು, ಐದು ನಿಮಿಷ ಮುಸಿಮುಸಿ ನಕ್ಕು, ಎದ್ದುಹೋದರು. ನಾನು ಮಾತು ನಿಲ್ಲಿಸಲಿಲ್ಲ. ದನಿ ಇನ್ನಷ್ಟು ಎತ್ತರಿಸಿದೆ. ಟಾಯ್ಲೆಟ್ಟಿಗೆ ಹೋಗುವವರೆಲ್ಲ ನಮ್ಮ ಮುಂದೆಯೇ ಹಾಯಬೇಕಿತ್ತು, ವಾಪಸು ಬರುವಾಗ ಕೆಲವರು ನಿಂತರು, ನಿಂತವರು ಕುರ್ಚಿ ಎಳೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಒಂದು ಮೇಜು ಸಾಲದಾಯಿತು. ತುಮಕೂರಿನವರು, ಹುಬ್ಬಳ್ಳಿಯವರು, ಪೀಣ್ಯದ ಒಂದು ಕಾರ್ಖಾನೆಯಿಂದ ಬಂದ ಒಬ್ಬಳು ಇಂಜಿನಿಯರ್. ಇಷ್ಟು ದಿನ ಇಂಗ್ಲಿಷಿನಲ್ಲಿ ಮೂಲೆಯ ಪಾತ್ರ ಆಡಿಕೊಂಡಿದ್ದೆ ಎಂದು ಆಕೆ ಹೇಳಿದಾಗ ನನಗೆ ವಿವರಣೆ ಬೇಕಾಗಲಿಲ್ಲ. ನಾನು ಏನು ಮಾಡುವುದೆಂದು ನೋಡುತ್ತಿರುವಾಗ ಅತ್ತಿಗೆ ಎದ್ದು, ಅರ್ಧ ಜನರನ್ನು ಕರೆದುಕೊಂಡು ಹೋಗಿ ಕಿಟಕಿಯ ಕೆಳಗೆ ನೆಲದ ಮೇಲೆ ಕೂರಿಸಿಕೊಂಡು, ತಾನೇ ಕತೆ ಶುರು ಮಾಡಿಬಿಟ್ಟಳು. ಅವಳು ಅದಕ್ಕೆ ಮೊದಲು ಒಮ್ಮೆಯೂ ಆಟ ನಡೆಸಿರಲಿಲ್ಲ. ಸಂಜೆ ಯಜಮಾನ ಬಂದು, ಮುಂದಿನ ಸಲ ಮಧ್ಯದ ಮೇಜು ಕೊಡುತ್ತೇನೆ ಎಂದ. ಎರಡು ಮೇಜು ಬೇಕು ಎಂದೆ.

ಆಮೇಲೆ ನರ್ಸಮ್ಮ ಊರ ಕಡೆಯ ಆಸ್ಪತ್ರೆಗೆ ಕೆಲಸ ಸಿಕ್ಕಿ ಹೋದರು. ತಾರಸಿಯ ರೂಮನ್ನು ಒಡೆದು ಮೇಲೆ ಇನ್ನೊಂದು ಮಹಡಿ ಎಬ್ಬಿಸಿದರು. ಆಟ ನಿಲ್ಲಲಿಲ್ಲ, ನಮ್ಮ ಮನೆಯ ಹಾಲ್‌ಗೇ ಇಳಿಯಿತು. ಭಾನುವಾರ ಮಧ್ಯಾಹ್ನ ಚಿಕ್ಕಪ್ಪ ಈಗಲೂ ಮುಖ ಗಂಟಿಕ್ಕಿಕೊಂಡು ಹೊರಗೆ ಹೋಗುತ್ತಾರೆ. ಹಾಲ್‌ನಲ್ಲಿ ಕತೆ ನಡೆಸುವವಳು ಅತ್ತಿಗೆ, ನಾನು ಆಡುವವಳು. ನನ್ನಷ್ಟು ಮೃದುವಲ್ಲ ಅವಳು, ಯಾರ ಮುಖವನ್ನೂ ನೋಡುವುದಿಲ್ಲ. ಹೋದ ತಿಂಗಳು ನಾನು ವರ್ಷದಿಂದ ಸಾಕಿಕೊಂಡು ಬಂದಿದ್ದ ಪಾತ್ರ ಒಂದು ಕೆಟ್ಟ ದಾಳಕ್ಕೆ ಫ್ಲೈಓವರ್ ಕೆಳಗೆ ಸಿಕ್ಕಿ ಸತ್ತಿತು. ನಾನು ವಾದ ಮಾಡಿದೆ, ಬದುಕಿಸಲು ಮೂರು ದಾರಿ ತೋರಿಸಿದೆ, ಆಟ ಕಲಿಸಿದವಳು ನಾನು ಎಂದೂ ಹೇಳಿ ನೋಡಿದೆ.

"ನೀನು ಸತ್ತಿದೀಯ. ಇನ್ನೊಬ್ಬಳನ್ನ ಮಾಡ್ಕೊಂಡು ಬಾ," ಎಂದು ಹೇಳಿ, ಪಕ್ಕದವಳ ಕಡೆ ತಿರುಗಿ ದಾಳ ಕೊಟ್ಟಳು.